ಅಂಚಿನ ಮುಖಕ್ಕೆ ಯಾವ ಮಸೂರ?

ಮಾರ್ಚ್ ತಿಂಗಳು ಸಮೀಪಿಸುತ್ತಿದ್ದಂತೆ ಶಾಲೆಗಳಲ್ಲಿ ಹತ್ತನೆಯ ತರಗತಿಯವರ ಸಾಮೂಹಿಕ ಛಾಯಾಚಿತ್ರದ ಮಾತು ಬರುತ್ತದೆ. ನಡುವೆ ಕುರ್ಚಿಗಳ ಮೇಲೆ ಅಧ್ಯಾಪಕರು, ಅವರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಮಕ್ಕಳು, ಹಿಂದೆ ಬೆಂಚು ಹತ್ತಿ ನಿಂತ ಎತ್ತರದವರು. ಗುಡ್ಡದ ಮಗ್ಗುಲನ್ನು ಸಮತಟ್ಟು ಮಾಡಿ ಕಟ್ಟಿದ ಕಾಸರಗೋಡು ಜಿಲ್ಲೆಯ ಅನೇಕ ಶಾಲೆಗಳ ಅಂಗಳ ಅಷ್ಟೇನೂ ವಿಶಾಲವಲ್ಲ. ಚಿತ್ರ ತೆಗೆಯುವವರು ಹಿಂದೆ ಹಿಂದೆ ಸರಿದು, ಬೆನ್ನು ಮುರಕಲ್ಲಿನ ಪಾಗಾರಕ್ಕೆ ತಾಗಿದ ಮೇಲೂ ಸಾಲಿನ ಎರಡು ತುದಿಗಳು ಚೌಕಟ್ಟಿನೊಳಗೆ ಬರುವುದಿಲ್ಲ. "ಇನ್ನೂ ಸ್ವಲ್ಪ ಒತ್ತಿ ನಿಲ್ಲಿ" ಎಂಬ ಕೂಗು ಏಳುತ್ತದೆ. ಕೊನೆಗೆ ಮುದ್ರಿತ ಚಿತ್ರ ಮನೆಗೆ ಬಂದಾಗ ಅಂಚಿನಲ್ಲಿ ನಿಂತ ಮಗುವಿನ ಒಂದು ಭುಜ ಕಾಣೆಯಾಗಿರುತ್ತದೆ, ಇಲ್ಲವೇ ಮುಖ ಮಸುಕಾಗಿರುತ್ತದೆ. ಮೂವತ್ತು ವರ್ಷಗಳ ಬಳಿಕ ಆ ಚಿತ್ರವನ್ನು ಹಿಡಿದು ಒಬ್ಬೊಬ್ಬರ ಹೆಸರು ಹೇಳುವಾಗ ಎಲ್ಲರೂ ತಡವರಿಸುವುದು ಆ ಮುಖದ ಮುಂದೆಯೇ.

ಈ ತೊಡಕಿಗೆ ಛಾಯಾಗ್ರಹಣದಲ್ಲಿ ಉತ್ತರವಿದೆ. ಅದು ವಿಶಾಲಕೋನ ಮಸೂರ. ಬಳಕೆಯ ಮಾತಿನಲ್ಲಿ ವೈಡ್ ಆ್ಯಂಗಲ್ ಲೆನ್ಸ್. ಜಿಲ್ಲೆಯ ಕೆಲವು ಮನೆಗಳ ಕಪಾಟಿನಲ್ಲಿ ಅದು ಈಗಲೂ ಇರಬಹುದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ರಜೆಗೆ ಊರಿಗೆ ಬರುತ್ತಿದ್ದವರ ಪೆಟ್ಟಿಗೆಗಳಲ್ಲಿ ಟೇಪ್ ರೆಕಾರ್ಡರಿನ ಜೊತೆಗೆ ಜಪಾನಿನ ಕ್ಯಾಮೆರಾವೂ ಇರುತ್ತಿದ್ದ ಕಾಲವೊಂದಿತ್ತು. ಫಿಲ್ಮಿನ ಯುಗ ಮುಗಿದು ಬಾಗಿಲು ಹಾಕಿದ ಸ್ಟುಡಿಯೋಗಳ ಸಾಮಗ್ರಿಗಳೂ ಕೈಯಿಂದ ಕೈಗೆ ದಾಟಿವೆ. ಆ ಮಸೂರಗಳು ಇಂದು ನಿರುಪಯುಕ್ತವೆಂದು ತಿಳಿಯಬೇಕಾಗಿಲ್ಲ. ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾಗಳಿಗೆ ಅಡಾಪ್ಟರ್ ಎಂಬ ಲೋಹದ ಬಳೆಯೊಂದನ್ನು ಜೋಡಿಸಿದರೆ ಅರ್ಧ ಶತಮಾನದ ಹಿಂದಿನ ಮಸೂರವೂ ಕೆಲಸ ಮಾಡುತ್ತದೆ. ಕೈಯಿಂದ ಬಳೆ ತಿರುಗಿಸಿ ಫೋಕಸ್ ಮಾಡಬೇಕು, ಅಷ್ಟೆ. ಆದರೆ ಕೊಳ್ಳಲು ಹೊರಟವರಿಗೂ ಮನೆಯಲ್ಲಿರುವುದನ್ನು ಹೊರತೆಗೆದವರಿಗೂ ಒಂದು ಗೊಂದಲ ಎದುರಾಗುತ್ತದೆ. ಒಂದೇ ಕಂಪೆನಿಯ, ಒಂದೇ ಅಳತೆಯ ಮಸೂರ ಹಲವು ರೂಪಗಳಲ್ಲಿ ಬಂದಿದೆ. ಹೊರಗಿನ ಹೆಸರು ಒಂದೇ. ಒಳಗಿನ ಗಾಜು ಬೇರೆ. ಇವುಗಳಲ್ಲಿ ಅಂಚಿನ ಮಗುವಿಗೆ ನ್ಯಾಯ ಸಲ್ಲಿಸುವುದು ಯಾವುದು?

ಮೊದಲು ಅಳತೆಯ ವಿಚಾರ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಮಕ್ಕಳು ಕಲಿಯುವ ಸಂಗಮದೂರವನ್ನೇ ಛಾಯಾಗ್ರಾಹಕರು ಫೋಕಲ್ ಲೆಂತ್ ಎನ್ನುತ್ತಾರೆ. ಮಸೂರದ ಮೇಲೆ ಮಿಲಿಮೀಟರುಗಳಲ್ಲಿ ಕೊರೆದಿರುವುದು ಅದೇ ಸಂಖ್ಯೆ. ಫಿಲ್ಮಿನ ಒಂದು ಚೌಕಟ್ಟಿನ ಅಗಲ 36 ಮಿ.ಮೀ., ಎತ್ತರ 24 ಮಿ.ಮೀ. ಇಷ್ಟು ತಿಳಿದರೆ ಉಳಿದುದು ತ್ರೈರಾಶಿಯ ಲೆಕ್ಕ. ಐದು ಮೀಟರ್ ದೂರದಲ್ಲಿ ನಿಂತು 50 ಮಿ.ಮೀ. ಮಸೂರದಿಂದ ನೋಡಿದರೆ 3.6 ಮೀಟರ್ ಅಗಲದ ಸಾಲು ಹಿಡಿಯುತ್ತದೆ. 35 ಮಿ.ಮೀ. ಮಸೂರ 5.1 ಮೀಟರನ್ನು, 28 ಮಿ.ಮೀ. ಮಸೂರ 6.4 ಮೀಟರನ್ನು, 24 ಮಿ.ಮೀ. ಮಸೂರ 7.5 ಮೀಟರನ್ನು ಒಳಗೊಳ್ಳುತ್ತದೆ. ಒಂದು ಮಗುವಿಗೆ 45 ಸೆಂ.ಮೀ. ಜಾಗವೆಂದು ಹಿಡಿದರೆ 50ರಲ್ಲಿ ಸಾಲಿಗೆ ಎಂಟು ಮಕ್ಕಳು; 28ರಲ್ಲಿ ಹದಿನಾಲ್ಕು ಮಕ್ಕಳು. ಒಂದು ಎಚ್ಚರಿಕೆ ಇಲ್ಲಿಯೇ ಅಗತ್ಯ. ಕಡಿಮೆ ಬೆಲೆಯ ಅನೇಕ ಡಿಜಿಟಲ್ ಕ್ಯಾಮೆರಾಗಳ ಸಂವೇದಕದ ಅಗಲ ಸುಮಾರು 23.5 ಮಿ.ಮೀ. ಮಾತ್ರ. ಅಂತಹ ಕ್ಯಾಮೆರಾದಲ್ಲಿ ಅದೇ 28 ಮಿ.ಮೀ. ಮಸೂರ ಐದು ಮೀಟರ್ ದೂರದಿಂದ 4.2 ಮೀಟರನ್ನಷ್ಟೇ ಕಾಣುತ್ತದೆ. ಹದಿನಾಲ್ಕು ಮಕ್ಕಳು ಒಂಬತ್ತಕ್ಕೆ ಇಳಿಯುತ್ತಾರೆ. ಹಳೆಯ ಮಸೂರದ ಪೂರ್ಣ ವಿಸ್ತಾರ ಬೇಕಾದರೆ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸಂವೇದಕವಿರುವ, ಫುಲ್ ಫ್ರೇಮ್ ಎನಿಸಿಕೊಂಡ ಕ್ಯಾಮೆರಾ ಬೇಕು.

ಇಂತಹ ಮಸೂರವನ್ನು ನಿರ್ಮಿಸುವುದು ಸುಲಭವಾಗಿರಲಿಲ್ಲ. ಸರಳ ಪೀನಮಸೂರವು ದೂರದ ವಸ್ತುವಿನ ಬಿಂಬವನ್ನು ತನ್ನ ಸಂಗಮದೂರದಲ್ಲಿಯೇ ಮೂಡಿಸುತ್ತದೆ. ಆ ಪ್ರಕಾರ 28 ಮಿ.ಮೀ. ಮಸೂರವು ಫಿಲ್ಮಿನಿಂದ 28 ಮಿ.ಮೀ. ದೂರದಲ್ಲಿರಬೇಕು. ಆದರೆ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ, ಗುಂಡಿ ಒತ್ತಿದಾಗ ಮೇಲಕ್ಕೆ ಏಳುವ ಕನ್ನಡಿಯೊಂದಿದೆ. 1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾದಲ್ಲಿ ಮಸೂರ ಕೂರುವ ಬಳೆಗೂ ಫಿಲ್ಮಿಗೂ ಇರುವ ಅಂತರ 46.5 ಮಿ.ಮೀ. ಮಸೂರವನ್ನು ಒಳಕ್ಕೆ ತಳ್ಳಿದರೆ ಕನ್ನಡಿಗೆ ತಾಗುತ್ತದೆ. ಹೊರಗಿಟ್ಟರೆ ಬಿಂಬ ಫಿಲ್ಮನ್ನು ಮುಟ್ಟುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಮುಂಭಾಗದಲ್ಲಿ ಬೆಳಕನ್ನು ಹರಡುವ ನಿಮ್ನ ಗುಂಪು, ಹಿಂಭಾಗದಲ್ಲಿ ಅದನ್ನು ಕೂಡಿಸುವ ಪೀನ ಗುಂಪು. ಹೀಗೆ ಮಾಡಿದಾಗ ಸಂಗಮದೂರ ಚಿಕ್ಕದಾಗಿಯೇ ಉಳಿದು ಬಿಂಬ ಮಾತ್ರ ಹಿಂದಕ್ಕೆ ಸರಿಯುತ್ತದೆ. 1950ರಲ್ಲಿ ಫ್ರಾನ್ಸಿನ ಆಂಜೆನ್ಯೂ ಕಂಪೆನಿ ಈ ಬಗೆಯ 35 ಮಿ.ಮೀ. ಮಸೂರವನ್ನು 'ರೆಟ್ರೋಫೋಕಸ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಆ ಹೆಸರು ಈ ಬಗೆಯ ಎಲ್ಲ ಮಸೂರಗಳಿಗೂ ಅಂಟಿಕೊಂಡಿತು.

ಉಪಾಯಕ್ಕೆ ತೆರಬೇಕಾದ ಬೆಲೆಯೂ ಇತ್ತು. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆಯ ಗಾಜು ಇರುವುದರಿಂದ ಅಂಚುಗಳಲ್ಲಿ ನೇರ ಗೆರೆ ಬಾಗುವುದು, ಮೂಲೆಗಳು ಮಸುಕಾಗುವುದು ಮೊದಲಾದ ದೋಷಗಳು ತಲೆದೋರಿದವು. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಅವು ಇನ್ನೂ ಹೆಚ್ಚುತ್ತಿದ್ದವು. ಅಂದರೆ ಕೇಂದ್ರದಲ್ಲಿ ಕುಳಿತ ಮುಖ್ಯೋಪಾಧ್ಯಾಯರು ಎಲ್ಲ ಕಾಲದಲ್ಲಿಯೂ ಸ್ಪಷ್ಟವಾಗಿದ್ದಾರೆ. ಪರೀಕ್ಷೆ ನಡೆದುದು ಅಂಚಿನಲ್ಲಿ. ಮಸೂರಗಳ ಒಂದೊಂದು ಹೊಸ ರೂಪದ ಹಿಂದೆಯೂ ಅಂಚನ್ನು ಸರಿಪಡಿಸುವ ಯತ್ನ, ಇಲ್ಲವೇ ಬೆಲೆಯನ್ನು ಇಳಿಸುವ ಯತ್ನ ಇದೆ.

ನಿಕಾನ್ ಕಂಪೆನಿಯ ನಿಕ್ಕೋರ್ 28 ಮಿ.ಮೀ. ಮಸೂರದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. 1960ರಲ್ಲಿ ಬಂದ ಮೊದಲನೆಯದರ ಗರಿಷ್ಠ ತೆರವು ಎಫ್ 3.5, ಒಳಗೆ ಆರು ಗಾಜುಗಳು, 60 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಆಗದು. ಎಪ್ಪತ್ತರ ದಶಕದ ಮಧ್ಯದಲ್ಲಿ ಎಫ್ 2.8ರ ಮಸೂರ ಬಂತು. ಅದು ಸುಮಾರು ಒಂದೂವರೆ ಪಟ್ಟು ಬೆಳಕನ್ನು ಒಳಬಿಡುತ್ತದೆ, ಗಾಜುಗಳು ಏಳು, ಹತ್ತಿರದ ಮಿತಿ 30 ಸೆಂ.ಮೀ. 1977ರಲ್ಲಿ 'ಎಐ' ಎಂಬ ಹೊಸ ರೂಪ ಹೊರಬಂದಾಗ ಬದಲಾದುದು ಕ್ಯಾಮೆರಾದೊಂದಿಗೆ ಮಸೂರ ಮಾತನಾಡುವ ಯಾಂತ್ರಿಕ ವ್ಯವಸ್ಥೆ ಮಾತ್ರ, ಗಾಜು ಹಿಂದಿನದೇ. 1981ರ 'ಎಐ-ಎಸ್' ರೂಪದಲ್ಲಿ ಗಾಜಿನ ರಚನೆಯೇ ಬದಲಾಯಿತು. ಏಳರ ಬದಲು ಎಂಟು ಗಾಜುಗಳು. ಫೋಕಸ್ ಬಳೆ ತಿರುಗಿಸಿದಂತೆ ಗಾಜಿನ ಗುಂಪುಗಳ ನಡುವಣ ಅಂತರವೂ ಬದಲಾಗಿ ಹತ್ತಿರದ ದೋಷವನ್ನು ತಿದ್ದುವ ಏರ್ಪಾಡು. ಹತ್ತಿರದ ಮಿತಿ 20 ಸೆಂ.ಮೀ. ಈ ತಿದ್ದುಪಡಿಯ ಏರ್ಪಾಡನ್ನು ನಿಕಾನ್ 1967ರಲ್ಲಿಯೇ ತನ್ನ 24 ಮಿ.ಮೀ. ಮಸೂರದಲ್ಲಿ ಅಳವಡಿಸಿತ್ತು. ಈ ನಡುವೆ 1979ರಲ್ಲಿ ಅದೇ ಕಂಪೆನಿ ಅದೇ 28 ಮಿ.ಮೀ., ಅದೇ ಎಫ್ 2.8 ಅಳತೆಯಲ್ಲಿ 'ಸೀರೀಸ್ ಇ' ಎಂಬ ಅಗ್ಗದ, ಹಗುರವಾದ ಮಸೂರವನ್ನು ಹೊರತಂದಿತು. ಅದರಲ್ಲಿದ್ದುದು ಐದೇ ಗಾಜುಗಳು. 1986ರಲ್ಲಿ ತಾನೇ ಫೋಕಸ್ ಮಾಡಿಕೊಳ್ಳುವ ಆಟೋಫೋಕಸ್ ರೂಪ ಬಂದಾಗ ಅದಕ್ಕೆ ಸಿಕ್ಕಿದುದೂ ಐದು ಗಾಜುಗಳ ಈ ಸರಳ ರಚನೆಯೇ. ಹೊಸದು ಎಂದ ಮಾತ್ರಕ್ಕೆ ಮೇಲಾದುದು ಎಂದು ತಿಳಿಯುವವರಿಗೆ ಈ ಒಂದು ಸಂಗತಿ ಸಾಕು.

ಹಾಗಾದರೆ ಎಂಟು ಗಾಜಿನದನ್ನೇ ಹುಡುಕಬೇಕೆ? ಉತ್ತರ ಕೆಲಸವನ್ನು ಅವಲಂಬಿಸಿದೆ. ವಿಜ್ಞಾನ ಮೇಳದಲ್ಲಿ ಮಗು ತಯಾರಿಸಿದ ಮಾದರಿಯನ್ನು ಒಂದು ಗೇಣು ದೂರದಿಂದ ಹಿಡಿದು, ಹಿಂದೆ ನಿಂತ ಮಗುವನ್ನೂ ಕೋಣೆಯನ್ನೂ ಒಂದೇ ಚಿತ್ರದಲ್ಲಿ ತೋರಿಸಬೇಕಾದರೆ ಎಐ-ಎಸ್ ರೂಪದ ಮೇಲ್ಮೆ ಪ್ರತ್ಯಕ್ಷವಾಗುತ್ತದೆ. ಆದರೆ ಅಂಗಳದ ಹಗಲು ಬೆಳಕಿನಲ್ಲಿ, ಐದು ಮೀಟರ್ ದೂರದಿಂದ, ತೆರವನ್ನು ಎಫ್ 8ಕ್ಕೆ ಕಿರಿದುಗೊಳಿಸಿ ತೆಗೆಯುವ ಸಾಮೂಹಿಕ ಚಿತ್ರದಲ್ಲಿ ಈ ರೂಪಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಮಸೂರದ ತೆರವು ಕಿರಿದಾದಂತೆ ಅಂಚಿನ ದೋಷಗಳೂ ಕಡಿಮೆಯಾಗುವುದೇ ಇದಕ್ಕೆ ಕಾರಣ. ಇನ್ನೊಂದು ಅನುಕೂಲವೂ ಇದೆ. 28 ಮಿ.ಮೀ. ಮಸೂರವನ್ನು ಎಫ್ 8ರಲ್ಲಿಟ್ಟು 3.3 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.7 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಕಣ್ಣಿಗೆ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಮಸೂರದ ಮೇಲೆ ಕೊರೆದ ದೂರಗಳ ಗೆರೆಗಳು ಇರುವುದೇ ಇದನ್ನು ತಿಳಿಸುವುದಕ್ಕಾಗಿ.

ರೂಪಗಳನ್ನು ಗುರುತಿಸುವ ವಿಧಾನವನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಇಲ್ಲಿ ಹಾನಿಯ ಸಂಭವವೂ ಇದೆ. ಹಳೆಯ ನಿಕ್ಕೋರ್ ಮಸೂರಗಳ ತೆರವಿನ ಬಳೆಯ ಮೇಲೆ ಮೊಲದ ಕಿವಿಗಳಂತೆ ಎರಡು ಲೋಹದ ರೆಕ್ಕೆಗಳಿವೆ. ಎಐ ರೂಪದಲ್ಲಿ ಆ ರೆಕ್ಕೆಗಳಲ್ಲಿ ರಂಧ್ರಗಳಿದ್ದು, ಬಳೆಯ ಕೆಳ ಅಂಚಿನಲ್ಲಿ ಎಫ್ ಸಂಖ್ಯೆಗಳ ಎರಡನೆಯ ಚಿಕ್ಕ ಸಾಲೊಂದಿದೆ. ಎಐ-ಎಸ್ ರೂಪದಲ್ಲಿ ಕೊನೆಯ ಸಂಖ್ಯೆ, ಅಂದರೆ 22, ಎರಡೂ ಸಾಲುಗಳಲ್ಲಿ ಕಿತ್ತಳೆ ಬಣ್ಣದಲ್ಲಿದೆ. 1977ಕ್ಕಿಂತ ಹಿಂದಿನ, ಮಾರ್ಪಡಿಸದ ಮಸೂರವನ್ನು ಮುಂದಿನ ಕಾಲದ ಅನೇಕ ನಿಕಾನ್ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಬಲವಂತದಿಂದ ತಿರುಗಿಸಿ ಕೂರಿಸಿದರೆ ಕ್ಯಾಮೆರಾದ ಚಿಕ್ಕ ಸನ್ನೆಕೋಲು ಮುರಿಯಬಹುದು. ಅಡಾಪ್ಟರ್ ಮೂಲಕ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸುವಾಗ ಈ ಭಯವಿಲ್ಲ.

ಹೆಸರು ಒಂದೇ ಇದ್ದು ತಯಾರಕರೇ ಬೇರೆಯಾಗಿರುವ ಉದಾಹರಣೆಯೂ ಉಂಟು. ವಿವಿಟಾರ್ ಎಂಬುದು ಅಮೆರಿಕದ ಮಾರಾಟ ಕಂಪೆನಿಯೊಂದರ ಹೆಸರು. ಅದರ ಹೆಸರಿನಲ್ಲಿ ಬಂದ 28 ಮಿ.ಮೀ. ಎಫ್ 2.8 ಮಸೂರಗಳನ್ನು ಜಪಾನಿನ ಬೇರೆ ಬೇರೆ ಕಾರ್ಖಾನೆಗಳು ತಯಾರಿಸಿಕೊಟ್ಟವು. ಕ್ರಮಸಂಖ್ಯೆ 22ರಿಂದ ಆರಂಭವಾದರೆ ಅದು ಕೀನೋ ಕಾರ್ಖಾನೆಯದು, 28ರಿಂದ ಆರಂಭವಾದರೆ ಕೊಮಿನೆಯದು, 37ರಿಂದ ಆರಂಭವಾದರೆ ಟೊಕಿನಾದ್ದು. ಮುಂಭಾಗದ ಹೆಸರನ್ನು ಓದಿ 'ಇದು ಒಳ್ಳೆಯದಂತೆ' ಎಂದು ಕೊಂಡವರಲ್ಲಿ ಒಬ್ಬೊಬ್ಬರ ಕೈಗೆ ಬಂದುದು ಒಂದೊಂದು ವಸ್ತು. ಒಬ್ಬರ ಹೊಗಳಿಕೆ ಇನ್ನೊಬ್ಬರ ಮಸೂರಕ್ಕೆ ಸಲ್ಲುವುದಿಲ್ಲ.

ಗಾಜಿನ ಸಂಖ್ಯೆಯಷ್ಟೇ ಮುಖ್ಯವಾದ ಇನ್ನೊಂದು ಅಂಶ ಅದರ ಮೇಲಿನ ಲೇಪ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಬಿಡಿಬಿಡಿಯಾದ ಎಂಟು ಗಾಜುಗಳಿಗೆ ಹದಿನಾರು ಮೈಗಳು. ಲೇಪವೇ ಇಲ್ಲದಿದ್ದರೆ ಕೊನೆಗೆ ಒಳತಲುಪುವುದು ಬಂದ ಬೆಳಕಿನ ಅರ್ಧದಷ್ಟು ಮಾತ್ರ. ಉಳಿದುದರಲ್ಲಿ ಒಂದು ಪಾಲು ಒಳಗೊಳಗೇ ಪುಟಿದು ಚಿತ್ರದ ಮೇಲೆ ಮಂಜಿನಂತೆ ಹರಡುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪೆನಿಯ ಅಲೆಕ್ಸಾಂಡರ್ ಸ್ಮಾಕುಲಾ ತೆಳುವಾದ ಒಂಟಿ ಲೇಪವನ್ನು ಕಂಡುಹಿಡಿದರು. 1971ರಲ್ಲಿ ಪೆಂಟಾಕ್ಸ್ ಕಂಪೆನಿಯ ಟಕುಮಾರ್ ಮಸೂರಗಳಲ್ಲಿ ಬಹುಪದರದ ಲೇಪ ಬಂತು. ಅದೇ ದಶಕದಲ್ಲಿ ಇತರ ಕಂಪೆನಿಗಳೂ ಅದೇ ಹಾದಿ ಹಿಡಿದವು. ರಾತ್ರಿಯ ಯಕ್ಷಗಾನ ಬಯಲಾಟದಲ್ಲಿ ರಂಗಸ್ಥಳದ ಪ್ರಖರವಾದ ದೀಪಗಳು ಚೌಕಟ್ಟಿನೊಳಗೇ ಬರುತ್ತವೆ. ಅಲ್ಲಿ ಒಂಟಿ ಲೇಪದ ಮಸೂರಕ್ಕೂ ಬಹುಪದರ ಲೇಪದ ಮಸೂರಕ್ಕೂ ಇರುವ ವ್ಯತ್ಯಾಸ ಕಿರೀಟದ ಕಪ್ಪು ಮತ್ತು ಚಿನ್ನದ ಬಣ್ಣಗಳಲ್ಲಿ ಎದ್ದು ಕಾಣುತ್ತದೆ.

ಯಾವ ರೂಪವೂ ಸರಿಪಡಿಸಲಾರದ ಒಂದು ಸಂಗತಿಯೂ ಇದೆ. ವಿಶಾಲಕೋನ ಮಸೂರದಲ್ಲಿ ಅಂಚಿನ ಮುಖ ಅಡ್ಡಕ್ಕೆ ಹಿಗ್ಗುತ್ತದೆ. ಇದು ಗಾಜಿನ ದೋಷವಲ್ಲ. ದುಂಡಗಿನ ತಲೆಯನ್ನು ಚಪ್ಪಟೆಯಾದ ಫಿಲ್ಮಿನ ಮೇಲೆ ಓರೆಯಾಗಿ ಮೂಡಿಸುವ ರೇಖಾಗಣಿತದ ಫಲ. ಚೌಕಟ್ಟಿನ ತೀರ ಅಂಚಿನಲ್ಲಿ ಈ ಹಿಗ್ಗುವಿಕೆ 50 ಮಿ.ಮೀ.ನಲ್ಲಿ ನೂರಕ್ಕೆ ಆರು, 35ರಲ್ಲಿ ಹನ್ನೆರಡು, 28ರಲ್ಲಿ ಹತ್ತೊಂಬತ್ತು, 24ರಲ್ಲಿ ಇಪ್ಪತ್ತೈದು. ಮೊಬೈಲಿನ ಮುಖ್ಯ ಕ್ಯಾಮೆರಾದ ನೋಟವೂ ಸಾಮಾನ್ಯವಾಗಿ 24ರಿಂದ 28 ಮಿ.ಮೀ.ನಷ್ಟೇ ವಿಶಾಲವಾದುದರಿಂದ ಅಲ್ಲಿಯೂ ಇದೇ ಪಾಡು. ಆದುದರಿಂದ ಜಾಗ ಇದ್ದರೆ ಹಿಂದೆ ಸರಿದು 35ನ್ನು ಬಳಸುವುದು ಮೇಲು. ಇಲ್ಲದಿದ್ದರೆ ಸಾಲನ್ನು ಮೋಟುಗೊಳಿಸಿ ಇನ್ನೊಂದು ಸಾಲನ್ನು ಹೆಚ್ಚಿಸಬೇಕು. ಚೌಕಟ್ಟಿನ ಎರಡು ತುದಿಗಳನ್ನು ಮಕ್ಕಳಿಗೆ ಕೊಡದೆ ಬಾಗಿಲು, ಕಂಬ, ಅಂಗಳದ ಮರಗಳಿಗೆ ಬಿಟ್ಟುಕೊಡಬೇಕು.

ಇನ್ನು ಹೋಲಿಕೆಯ ವಿಧಾನ. ಶಾಲೆಯ ವಿಜ್ಞಾನ ಸಂಘದ ಮಕ್ಕಳೇ ಇದನ್ನು ನಡೆಸಬಹುದು. ಚಪ್ಪಟೆಯಾದ ಗೋಡೆಯೊಂದರ ಮೇಲೆ ಈ ಪತ್ರಿಕೆಯ ಹಳೆಯ ಹಾಳೆಗಳನ್ನು ನಡುವೆ ಒಂದು, ನಾಲ್ಕು ಮೂಲೆಗಳಿಗೆ ನಾಲ್ಕು ಎಂಬಂತೆ ಅಂಟಿಸಬೇಕು. 28 ಮಿ.ಮೀ. ಮಸೂರ ಎರಡು ಮೀಟರ್ ದೂರದಿಂದ ಸುಮಾರು 2.6 ಮೀಟರ್ ಅಗಲ, 1.7 ಮೀಟರ್ ಎತ್ತರದ ಗೋಡೆಯನ್ನು ಕಾಣುತ್ತದೆ. ಹಾಳೆಗಳು ಆ ಅಳತೆಯೊಳಗಿರಲಿ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ, ನಡುವಿನ ಹಾಳೆಗೆ ಫೋಕಸ್ ಮಾಡಿ, ಎಫ್ 2.8, 5.6, 8 ಎಂಬ ಮೂರು ತೆರವುಗಳಲ್ಲಿ ಒಂದೊಂದು ಮಸೂರದಿಂದಲೂ ಚಿತ್ರ ತೆಗೆಯಬೇಕು. ಮೂಲೆಯ ಹಾಳೆಯ ಅಕ್ಷರಗಳನ್ನು ಓದಲು ಯಾವುದರಲ್ಲಿ ಸಾಧ್ಯವಾಗುತ್ತದೆಯೋ ಅದು ಗೆದ್ದಿತು. ಒತ್ತು, ದೀರ್ಘ, ಅರ್ಕಾವೊತ್ತುಗಳಿಂದ ಕೂಡಿದ ಕನ್ನಡ ಲಿಪಿಯೇ ಇಲ್ಲಿ ಅತ್ಯುತ್ತಮ ಪರೀಕ್ಷಾಫಲಕ. ಮೂರು ಮೂಲೆಗಳು ಸ್ಪಷ್ಟವಾಗಿದ್ದು ಒಂದು ಮೂಲೆ ಮಾತ್ರ ಮಸುಕಾದರೆ ಕ್ಯಾಮೆರಾ ಓರೆಯಾಗಿರಬಹುದು. ಅದನ್ನು ಸರಿಪಡಿಸಿದ ಮೇಲೂ ಹಾಗೆಯೇ ಇದ್ದರೆ, ಎಂದೋ ಬಿದ್ದ ಪೆಟ್ಟಿನಿಂದ ಒಳಗಿನ ಗಾಜು ಕದಲಿದೆ ಎಂದು ತಿಳಿಯಬೇಕು. ಅಂತಹ ಎಂಟು ಗಾಜಿನ ಮಸೂರಕ್ಕಿಂತ ಸುಸ್ಥಿತಿಯಲ್ಲಿರುವ ಐದು ಗಾಜಿನದು ಎಷ್ಟೋ ಮೇಲು.

ಸ್ಥಿತಿಯ ಮಾತು ಬಂದಾಗ ಈ ಕರಾವಳಿಯಲ್ಲಿ ಮಳೆಯನ್ನು ಮರೆಯುವಂತಿಲ್ಲ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆಯಿದು. ಆಟಿ ತಿಂಗಳ ತೇವದಲ್ಲಿ ಕಪಾಟಿನೊಳಗಿನ ಚರ್ಮದ ಚೀಲ ನೀರನ್ನು ಹೀರಿಕೊಂಡು ಮಸೂರಕ್ಕೆ ಬೂಷ್ಟು ಹಿಡಿಸುತ್ತದೆ. ಮಸೂರದ ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿದರೆ ಜೇಡರ ಬಲೆಯಂತಹ ಎಳೆಗಳು ಗೋಚರಿಸುತ್ತವೆ. ಆರಂಭದಲ್ಲಿಯಾದರೆ ಪರಿಣತರು ಬಿಚ್ಚಿ ಶುಚಿಗೊಳಿಸಬಲ್ಲರು. ತಡವಾದರೆ ಲೇಪವನ್ನೇ ಅದು ತಿಂದುಬಿಡುತ್ತದೆ. ಚರ್ಮದ ಚೀಲವನ್ನು ಬಿಟ್ಟು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮಸೂರವನ್ನು ಇಡಬೇಕು. ಪೊಟ್ಟಣಗಳನ್ನು ಆಗಾಗ ಒಣಗಿಸಬೇಕು ಇಲ್ಲವೇ ಬದಲಾಯಿಸಬೇಕು, ಚಿಕ್ಕ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಮಸೂರದ ಮೂಲಕ ಸೂರ್ಯನನ್ನು ನೋಡಬಾರದೆಂದು ಮಕ್ಕಳಿಗೆ ಮುಂಚಿತವಾಗಿಯೇ ತಿಳಿಹೇಳಬೇಕು. ಎಲ್ಲಕ್ಕಿಂತ ಒಳ್ಳೆಯ ಮದ್ದೆಂದರೆ ಬಳಕೆ. ತಿಂಗಳಿಗೊಮ್ಮೆಯಾದರೂ ಹೊರಬಂದು ಗಾಳಿ ಬೆಳಕು ಕಂಡ ಮಸೂರಕ್ಕೆ ಬೂಷ್ಟಿನ ಭಯ ಕಡಿಮೆ.

ಹೀಗಾಗಿ ಕೊಳ್ಳುವ ಮುನ್ನ ಮನೆಯ ಕಪಾಟನ್ನೂ ನೆಂಟರ ಮನೆಯ ಪೆಟ್ಟಿಗೆಯನ್ನೂ ತೆರೆದು ನೋಡುವುದು ವಿವೇಕ. ಅಲ್ಲಿ ದೊರೆತುದು ಯಾವ ರೂಪದ್ದೇ ಆಗಿರಲಿ, ಬೂಷ್ಟಿಲ್ಲದೆ, ಗಾಜು ಕದಲದೆ, ಬಳೆ ಸಲೀಸಾಗಿ ತಿರುಗುವಂತಿದ್ದರೆ ಶಾಲೆಯ ಸಾಮೂಹಿಕ ಚಿತ್ರಕ್ಕೆ ಅದು ಧಾರಾಳ ಸಾಕು. ಮಸೂರದ ಹಿರಿಮೆಯನ್ನು ಕೇಂದ್ರದಲ್ಲಿ ಅಳೆಯುವುದು ಸುಲಭ; ಅದರ ನಿಜವಾದ ಯೋಗ್ಯತೆ ತಿಳಿಯುವುದು ಅಂಚಿನಲ್ಲಿ. ಗಡಿನಾಡಿನ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರ ಮುದ್ರಣವಾಗಿ ಬಂದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅದರ ಹಿಂಬದಿಯಲ್ಲಿ ಇಸವಿಯನ್ನೂ ಶಾಲೆಯ ಹೆಸರನ್ನೂ ಬರೆದು, ಸಾಲುಸಾಲಾಗಿ ಎಲ್ಲರ ಹೆಸರುಗಳನ್ನು ಕನ್ನಡದಲ್ಲಿ ದಾಖಲಿಸಬೇಕು. ಆ ಬರವಣಿಗೆ ನಡುವಿನ ಕುರ್ಚಿಯಿಂದಲ್ಲ, ಎಡಗಡೆಯ ಅಂಚಿನಲ್ಲಿ ನಿಂತ ಮಗುವಿನಿಂದ ಆರಂಭವಾಗಲಿ.